ಸೌಟು ಯಾರ ಕೈಯಾಗ

ನಮ್ಮ ಸಾಂಗ್ಲಿ ಓಣಿಗೆಲ್ಲಾ ಚಿಗವ್ವನಂಗಿದ್ದ ಮಾವಶಿದು ಬಲಗೈ ಮಣಿಕಟ್ಟು ಸೊಟ್ಟ. ಬಳಿ ಎಲ್ಲಾ ಒಂದ ಕಡೆ ಜಾರಿ ಕುಂದರತಿದ್ವು, ಕೈ ಆಡಿಸಿದ್ರೂ ಸಪ್ಪಳಿಲ್ಲ. ಜೈನರವ್ರು. ಹೊತ್ತು ಮುಳುಗಿದ ಮ್ಯಾಲ ಒಂದು ಅಗಳೂ ಬಾಯಾಗ ಇಡತಿರಲಿಲ್ಲ. ನಾ ಬೇಕಂತನ ದೀಪ ಹಚ್ಚೂ ಹೊತ್ತಿಗೆ ಬಿಸಿ ಭಜಿ ತಗೊಂಡು ಅವರ ಕಟ್ಟಿ ಮ್ಯಾಲ ಕುಂತು ತಿಂತಿದ್ದೆ. "ತಿನ್ನವಾ, ನಾ ವಾಸನಿ ತಗೊಂತೀನಿ. ವಾಸನಿಗೆ ಪಾಪಿಲ್ಲ" ಅಂತಿದ್ರು.

ಆ ಕೈ ಮುರದಿದ್ದು ಜಾರಿ ಬಿದ್ದಲ್ಲ. ಖಿಚಡಿ ಸಲುವಾಗಿ.

ಮೊದಲ ಕೃಷ್ಣಾ ಹೊಳಿ ನಮ್ಮ ಮೆಟ್ಟಲ ತೊಳದು ಹೋಗತಿತ್ತು. ಈಗ ಒಂದು ವರ್ಷ ಹನಿ ಮಳಿ ಇಲ್ಲ, ಮರುವರ್ಷ ಒಳಗ ಹೊಕ್ಕು ಜ್ವಾಳದ ಹಿಟ್ಟಿನ ಡಬ್ಬಿ ಸೈತ ಹೊತ್ಕೊಂಡು ಹೋಗತೈತಿ. ಹಂಗ ಹೊಕ್ಕ ವರ್ಷ ನಮ್ಮನ್ನೂ ಹೊಳಿ ಆಚಿ ಸಾಂಗ್ಲಿವಾಡಿಯವರನ್ನೂ ಮಿರಜದ ಒಂದು ಸಾಲಿಯೊಳಗ ಇಟ್ಟಿದ್ರು. ರಸ್ತೆ ಮುಳುಗಿ ಎರಡು ದಿನ ಊಟದ ಗಾಡಿ ಬರಲಿಲ್ಲ. ಕಡೀಕ ಸಂಜಿಮುಂದ ಒಂದ ಹಂಡೆ ಖಿಚಡಿ ಬಂತು. ಸಾಂಗ್ಲಿವಾಡಿಯವರಿಗೆ ಮೊದಲ ನೀಡಾಕತ್ತಾರ ಅಂತ ಯಾರೋ ಅಂದ್ರು. ಅಷ್ಟಕ್ಕ ನಮ್ಮ ಮಂದಿ ಬೆಂಚಿನ ಕಾಲು ಕಿತ್ತು ಕೈಯಾಗ ಹಿಡದ್ರು. ನಮ್ಮ ಕಿರಾಣಿ ಅಂಗಡಿಯಂವ, ಸಂಕ್ರಾಂತಿಗೆ ಮನಿಮನಿಗೆ ಎಳ್ಳುಬೆಲ್ಲ ಕೊಟ್ಟು ಸಿಹಿ ಮಾತಾಡ್ರಿ ಅನ್ನಾಂವ, ಸಾಂಗ್ಲಿವಾಡಿ ಬಾಣಂತಿ ಕೈಯಾಗಿನ ತಾಟು ಕಸಗೊಂಡಾ. ಆಕಿ ಗಂಡ ಅಡ್ಡ ಬಂದ, ಇವ ಬೆಂಚಿನ ಕಾಲು ಎತ್ತಿದಾ. ಥೂ.

ಆ ಪೆಟ್ಟು ಬಿದ್ದಿದ್ದು ನಡುವ ಕೈ ಒಡ್ಡಿದ ಮಾವಶಿಗೆ. ಎಲುಬು ಮುರದಿದ್ದು ನನಗ ಕೇಳಿಸ್ತು. ಅವರು ಎಡಗೈಲೆ ಸೌಟು ಎತ್ತಿದ್ರು.

"ಹೊತ್ತು ಮುಳುಗೇತಿ, ನನಗ ಇವತ್ತೂ ಊಟಿಲ್ಲ. ಈ ಹಂಡೆಯೊಳಗ ಪಾಲಿಲ್ಲದಾಕಿ ನಾ ಒಬ್ಬಾಕಿನ. ಅದಕ್ಕ ನೀಡಾಕಿ ನಾ. ಕುಂದರ್ರಿ."

ಕುಂತ್ರು. ಲಗ್ನದಾಗ ಎಡಗೈಲೆ ನೀಡಿದ್ರ ಎಲಿ ಬಿಟ್ಟು ಏಳೂ ಮಂದಿ, ಅವತ್ತ ತಾಟು ಒಡ್ಡಿದ್ರು. ಮೊದಲ ಬಾಣಂತಿಗೆ, ಕಡೀಕ ಅಂಗಡಿಯಂವಗ. ಆ ನಾಚಿಕಿಗೇಡಿ ಹಂಡೆ ಕೆರಸಿ ಇನ್ನೊಂದು ಸಲ ನೀಡಿಸ್ಕೊಂಡಾ.

ಮುಂದ ಅವ ಮಾವಶಿ ಕಾಲಿಗೆ ಬಿದ್ದಾಗ, ಹಸಿವಿ ಅವನ ಬುದ್ಧಿ ತಿಂದಿತ್ತು ಬಿಡು ಅಂತ ಅವರು ನನಗ ಅಂದ್ರು. ಬುದ್ಧಿ ಇದ್ರ ತಾನ ತಿನ್ನಾಕ, ಅಂದೆ ನಾ. ಮಾವಶಿ ನಕ್ರು. ನಾ ನಗಲಿಲ್ಲ. ಅವನ ಅಂಗಡಿ ಬೆಲ್ಲ ಇನ್ನೂ ನನ್ನ ಗಂಟಲದಾಗ ಇಳಿಯಂಗಿಲ್ಲ.

ಹೋದ ವರ್ಷ ಮಾವಶಿ ತೀರಿಕೊಂಡ್ರು. ಹೊಳಿ ಮತ್ತ ಏರಾಕತ್ತೇತಿ. ನಾನೂ ಈಗ ಹೊತ್ತು ಮುಳುಗೂದರೊಳಗ ಉಂಡು ಬಾಯಿ ತೊಳೀತೀನಿ. "ಅಜ್ಜಿ, ನೀ ಜೈನ ಆದಿಯೇನ?" ಅಂತ ಮೊಮ್ಮಗಳು ಚಾಷ್ಟಿ ಮಾಡತಾಳ.

ಇಲ್ಲವಾ. ಭಜಿ ವಾಸನಿ ಬಂದ್ರ ಇನ್ನೂ ಜೀವ ಹೋಗತೈತಿ. ಆದ್ರ ಈ ಮಂದಿನ್ನ ನಾ ನಂಬಂಗಿಲ್ಲ. ಸೌಟು ಹಿಡಿಯಾಕ ಓಣ್ಯಾಗ ಪಾಲಿಲ್ಲದಾಕಿ ಒಬ್ಬಾಕಿ ಬೇಕಲ್ಲ.