ಡಬಲ್ ರೀಡೇ ಬೇಕೆಂದ ಮೇಷ್ಟ್ರು

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಪಿಳ್ಳಣ್ಣನವರಿಗೆ ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತೈದು ಹಾರ್ಮೋನಿಯಂ ಮುಂದೆಯೇ ಕಳೆದುಹೋಗಿವೆ. ಸುತ್ತಲಿನ ಯಾವ ಹಳ್ಳಿಯವರು ಪೌರಾಣಿಕ ನಾಟಕ ಆಡಬೇಕೆಂದರೂ ಮೊದಲು ಕರೆಯುವುದು ಇವರನ್ನೇ. ಹಾಡಲು ಬಾರದ ಗಂಡಸರನ್ನು ಎರಡೇ ತಿಂಗಳಲ್ಲಿ ರಾಜ, ಋಷಿ, ಮಂತ್ರಿ ಮಾಡಿ ರಂಗಕ್ಕೆ ಹತ್ತಿಸುವುದು ಇವರ ಕೆಲಸ. ಕತ್ತೆಗೂ ಕಂದಪದ್ಯ ಕಲಿಸುತ್ತಾರೆ ಎಂಬ ಖ್ಯಾತಿ ಬೇರೆ. ಖ್ಯಾತಿ ಎಂದರೇನು, ಕೊರಳಿನ ಹಗ್ಗ. ಕರೆದವರ ಹಿಂದೆಲ್ಲ ನಡೆಯಲೇಬೇಕು.

ಯಾರಿಗೂ ಹೇಳದಿದ್ದ ಮಾತೆಂದರೆ, ಅವರಿಗೆ ಹಾರ್ಮೋನಿಯಂ ಸಾಕಾಗಿಹೋಗಿತ್ತು. ಕಪ್ಪು ಬಿಳುಪಿನ ಮನೆಗಳಲ್ಲಿ ಒಂದನ್ನು ಒತ್ತಿದರೆ ಒಳಗಿನ ಹಿತ್ತಾಳೆಯ ರೀಡು ನಡುಗಿ ಒಂದು ಸ್ವರ, ಪಕ್ಕದ ಮನೆ ಒತ್ತಿದರೆ ಇನ್ನೊಂದು. ನಡುವಿನ ಜಾಗಕ್ಕೆ ಬೆರಳಿಗೆ ದಾರಿಯಿಲ್ಲ. ಅಳುವ ಮಗುವಿನ ದನಿ, ಕರುವನ್ನು ಕರೆಯುವ ಎಮ್ಮೆಯ ದನಿ, ಎಲ್ಲವೂ ಇರುವುದು ಆ ನಡುವಿನಲ್ಲೇ. ತನ್ನನ್ನೇ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದಂತೆ ಅವರಿಗೆ ಅನಿಸುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಸ್ವರವನ್ನು ಜಾರಿಸಬೇಕು, ಅದನ್ನು ನಾಲ್ಕು ಜನ ಕೇಳಬೇಕು. ಇಷ್ಟೇ ಆಸೆ.

ದೊಡ್ಡಬಳ್ಳಾಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ನವಾಜ್ ಒಂದು ದಿನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಪುಟ್ಟ ಮೌತ್ ಆರ್ಗನ್ ಊದುತ್ತಿದ್ದ. ಸ್ವರ ಮೇಲಿನಿಂದ ಕೆಳಕ್ಕೆ ಎಣ್ಣೆಯಂತೆ ಜಾರಿತು. ಪಿಳ್ಳಣ್ಣನವರು ಫೋನ್ ಕೊಡಲು ಬಂದದ್ದನ್ನೇ ಮರೆತರು.

"ಅದೂ ರೀಡೇ ಅಲ್ವೇನಪ್ಪಾ? ಹೆಂಗೆ ಬಗ್ತದೆ?"

"ಉಸಿರಲ್ಲಿ ಬಗ್ಗಿಸ್ಬೇಕು ಮೇಷ್ಟ್ರೇ."

ಯಾವ ತರಹದ್ದು ಕೊಳ್ಳಬೇಕೆಂದು ಅಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ರೀಡಿನ ವಿಷಯವನ್ನು ಮೇಷ್ಟ್ರು ಇನ್ನೊಬ್ಬರನ್ನು ಕೇಳುವುದುಂಟೇ?

ಬೆಂಗಳೂರಿನ ಅಂಗಡಿಯವನು ನಾಲ್ಕಾರು ಮೌತ್ ಆರ್ಗನ್ ತೆಗೆದಿಟ್ಟ. "ಬಾಯಿಗಿಟ್ಟು ನೋಡಂಗಿಲ್ಲ ಸಾರ್, ಎಂಜಲಾದ್ರೆ ವಾಪಸ್ ತಗೊಳಲ್ಲ" ಎಂದ. ಹತ್ತು ತೂತಿನದು ಪಿಳ್ಳಣ್ಣನವರ ಕಣ್ಣಿಗೆ ಮಕ್ಕಳ ಆಟಿಕೆಯಂತೆ ಕಂಡಿತು. ಹಾರ್ಮೋನಿಯಂನಲ್ಲಿ ಒಂದು ಸ್ವರಕ್ಕೆ ಎರಡು ರೀಡಿದ್ದರೆ ನಾದ ತುಂಬಿ ಬರುತ್ತದೆ, ಬೆಲೆಯೂ ಹೆಚ್ಚು. ಹಾಗಾಗಿ ಗತ್ತಿನಿಂದಲೇ, "ಡಬಲ್ ರೀಡಿಂದೇ ಕೊಡಪ್ಪಾ" ಎಂದು ಉದ್ದನೆಯದನ್ನು ಆರಿಸಿಕೊಂಡರು.

ಹನ್ನೊಂದು ದಿನ ಕೊಟ್ಟಿಗೆಯಲ್ಲಿ ಕೂತು ಊದಿದರು, ಎಳೆದರು. ತುಟಿ ಒಡೆಯಿತು. ನಾದವೇನೋ ತುಂಬಿಯೇ ಬಂತು, ಆದರೆ ಸ್ವರ ಕೂದಲೆಳೆಯಷ್ಟೂ ಅಲುಗಲಿಲ್ಲ. ಹೆಂಡತಿ ಅನುಸೂಯಮ್ಮ, "ಹಸ ಹಾಲು ಕೊಡ್ತಾ ಇಲ್ಲ, ಇನ್ನಾದ್ರೂ ಬಿಡಿ" ಎಂದರು. ಕೊನೆಗೆ ಮಾನ ಬದಿಗಿಟ್ಟು ನವಾಜನ ಮುಂದೆ ಹೋಗಿ ನಿಂತರು.

ನವಾಜ್ ನಗು ತಡೆದುಕೊಂಡ. "ಇದು ಜನ್ಮದಲ್ಲಿ ಬಗ್ಗಲ್ಲ ಮೇಷ್ಟ್ರೇ. ಜೋಡಿ ರೀಡು ಒಂದಕ್ಕೊಂದು ಅಂಟ್ಕೊಂಡು ನಡುಗ್ತವೆ ಅಷ್ಟೆ. ಹತ್ತು ತೂತಿಂದು ಬೇಕು. ಅದ್ರಲ್ಲಿ ಊದೋ ರೀಡು, ಎಳ್ಕೊಳೋ ರೀಡು ಎರಡೂ ಒಂದೇ ತೂತಲ್ಲಿರ್ತವೆ. ಅದಕ್ಕೇ ಬಗ್ಗೋದು. ಸಿ ಶ್ರುತಿದು ತಗೊಳಿ, ಕಲಿಯೋಕೆ ಸಲೀಸು."

ಫೋನಿನಲ್ಲೇ ಆರ್ಡರ್ ಮಾಡಿ ಅವನೇ ತರಿಸಿಕೊಟ್ಟ. ಐದು ವಾರ ಕಳೆದ ಮೇಲೆ ಒಂದು ಬೆಳಗ್ಗೆ, ನಾಲ್ಕನೇ ತೂತಿನಲ್ಲಿ ಉಸಿರೆಳೆಯುತ್ತ ನಾಲಿಗೆಯನ್ನು ಹಿಂದಕ್ಕೆ ತಗ್ಗಿಸಿದಾಗ ಸ್ವರ ಜಾರಿತು. ಪಿಳ್ಳಣ್ಣನವರು ಹುಲ್ಲಿನ ಹೊರೆಯ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತರು.

ಅದೇ ಸಂಜೆ ಸಮುದಾಯ ಭವನದಲ್ಲಿ ನಾಟಕದ ತಾಲೀಮು. ಸೈಟು ಮಾರುವ ಬೈಲಪ್ಪ ಈ ಸಲ ರಾಜ. ಮಗನನ್ನು ಕಳೆದುಕೊಂಡು ಗೋಳಾಡುವ ಪದ್ಯ ಬಂತು. ಸ್ವರ ಜಾರಬೇಕಾದದ್ದು ಇಲ್ಲೇ ಎಂದು ಪಿಳ್ಳಣ್ಣನವರಿಗೆ ಅನಿಸಿತು. ಹಾರ್ಮೋನಿಯಂನಿಂದ ಕೈತೆಗೆದು, ಜೇಬಿನಲ್ಲಿದ್ದುದನ್ನು ಬಾಯಿಗಿಟ್ಟು, ಎದೆಯ ಭಾರವನ್ನೆಲ್ಲ ಹಾಕಿ ಆ ಸ್ವರವನ್ನು ಎಳೆದರು. ಜಾರಿತು, ಬೆಳಗಿನದಕ್ಕಿಂತ ಚೆನ್ನಾಗಿ.

ಬೈಲಪ್ಪ ಹಾಡು ನಿಲ್ಲಿಸಿದ. "ಮೇಷ್ಟ್ರೇ, ಶ್ರುತಿ ಇಳಿದೋಯ್ತು."

"ಇಳಿದಿದ್ದಲ್ಲ ಕಣಪ್ಪಾ, ನಾನೇ ಬಗ್ಗಿಸಿದ್ದು."

"ಬಗ್ಗಿಸ್ಬಾರ್ದು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು? ಸ್ವರದ ಮನೆ ಬಿಟ್ಟು ಒಂಚೂರು ಅತ್ತಿತ್ತ ಹೋದ್ರೂ ತೊಡೆ ಮೇಲೆ ಬಿಗೀತಿದ್ರಿ." ಅವನ ಮಾತಿನಲ್ಲಿ ಗೇಲಿಯಿರಲಿಲ್ಲ, ಗುರುಭಕ್ತಿಯೇ ಇತ್ತು. ಸುತ್ತ ಕೂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ಪಿಳ್ಳಣ್ಣನವರು ಆ ಮುಖಗಳನ್ನು ಒಂದೊಂದಾಗಿ ನೋಡಿದರು. ಎಲ್ಲರೂ ಅವರದೇ ಶಿಷ್ಯರು. ಈ ಕಿವಿಗಳನ್ನೂ ಪೆಟ್ಟಿಗೆಯೊಳಗೆ ಮುಚ್ಚಿ ಒಂದೊಂದು ಮೊಳೆಯನ್ನೂ ಹೊಡೆದವರು ತಾವೇ. ಇನ್ನೊಬ್ಬರ ಮೇಲೆ ಸಿಟ್ಟಾಗುವ ಸುಖವೂ ಇಲ್ಲದಂತಾಯಿತು.

"ನಂದೇ ತಪ್ಪು ಬಿಡಪ್ಪಾ" ಎಂದು ಹಾರ್ಮೋನಿಯಂನ ಮನೆ ಒತ್ತಿ ಹಿಡಿದರು. ಬೈಲಪ್ಪನ ದನಿ ಅದರ ಮೇಲೆ ಅಚ್ಚುಕಟ್ಟಾಗಿ ಬಂದು ಕೂತಿತು.

"ಈಗ ಸರಿಯಾಯ್ತು ನೋಡಿ ಮೇಷ್ಟ್ರೇ" ಎಂದ ಅವನು, ಖುಷಿಯಿಂದ.