ಬಲತುದಿಯ ಡಬ್ಬಿ

ಬೆಳಗಿನ ಮೊದಲ ರೈಲಿಗೆ ಇನ್ನೂ ಹೊತ್ತಿದೆ. ನಿಲ್ದಾಣದ ಬಾಗಿಲ ಪಕ್ಕ ಮಡಚುವ ಮೇಜೊಂದನ್ನು ಬಿಡಿಸಿ, ಅದು ಅಲುಗಾಡದಂತೆ ಒಂದು ಕಾಲಿನಡಿ ನಿನ್ನೆಯ ಪತ್ರಿಕೆ ತುರುಕುತ್ತಾರೆ ಡಬ್ಬಿಯಣ್ಣ. ನಮ್ಮದೇ ಪತ್ರಿಕೆ, ಅದರಲ್ಲೂ ನನ್ನ ಲೇಖನವಿದ್ದ ಪುಟ. ನಾನು ನೋಡಿಯೂ ನೋಡದಂತಿರುತ್ತೇನೆ. ಆಮೇಲೆ ಐದು ತಗಡಿನ ಡಬ್ಬಿಗಳು ಸಾಲಾಗಿ ಕೂರುತ್ತವೆ. ಒಂದೊಂದರ ಮೇಲೂ ಒಬ್ಬೊಬ್ಬರ ಫೋಟೊ: ಸಿನಿಮಾ ನಟ, ಮೇಯರ್, ಓಟಗಾರ್ತಿ, ದೊಡ್ಡ ವ್ಯಾಪಾರಿ, ಆಸ್ಪತ್ರೆಯ ನರ್ಸ್. ಈ ವರ್ಷ ಊರಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದವರು ಯಾರೆಂದು, ನಮ್ಮ ಪತ್ರಿಕೆ ವರ್ಷಕ್ಕೊಮ್ಮೆ ನಡೆಸುವ ಮತದಾನದಲ್ಲಿ ಜನ ತೀರ್ಮಾನಿಸುವುದು ಇಲ್ಲೇ. ಡಬ್ಬಿಯಣ್ಣ ಒಬ್ಬರಿಗೆ ಒಂದೇ ಅಂಗಿಗುಂಡಿ ಕೊಡುತ್ತಾರೆ. ಮೆಚ್ಚಿದವರ ಡಬ್ಬಿಗೆ ಅದನ್ನು ಹಾಕಿದರೆ ಅದೇ ಮತ.

ಉಳಿದ ತಿಂಗಳುಗಳಲ್ಲಿ ಇವರು ವ್ಯಾನಿನಿಂದ ಪತ್ರಿಕೆಯ ಬಂಡಲ್ ಇಳಿಸುತ್ತಾರೆ. ಎತ್ತಿ ಎತ್ತಿ ಸೊಂಟ ಕೈಕೊಟ್ಟಿದೆ. ಆದರೂ ಪಕ್ಕದಲ್ಲಿರುವ ಕುರ್ಚಿ ಮುಟ್ಟುವುದಿಲ್ಲ. "ನಾನು ಕೂತ್ರೆ ಜನ ಬಗ್ಗಿ ಗುಂಡಿ ತಗೋಬೇಕು. ರೈಲು ಹಿಡಿಯೋರು ಎಲ್ಲಿ ಬಗ್ತಾರೆ? ಹಾಗೇ ಹೋಗ್ತಾರೆ" ಎನ್ನುತ್ತಾರೆ.

ಫಲಿತಾಂಶ ಬಂದಾಗ ನಾವು ಕಚೇರಿಯಲ್ಲಿ ಕೂತು ಜನರ ಮನಸ್ಸಿನ ಬಗ್ಗೆ ಉದ್ದುದ್ದ ಬರೆಯುತ್ತೇವೆ. ಆ ಜನ ಯಾವ ಕೈಯಲ್ಲಿ ಚೀಲ ಹಿಡಿದಿದ್ದರು ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಮೊದಲ ವರ್ಷ ಡಬ್ಬಿಯಣ್ಣನೂ ಕೇಳಿರಲಿಲ್ಲ. ಡಬ್ಬಿಗಳನ್ನು ಇಟ್ಟಲ್ಲೇ ಬಿಟ್ಟರು, ಬಲತುದಿಯಲ್ಲಿದ್ದ ಈಜುಗಾರ ಗೆದ್ದ.

"ಎಡಗೈಲಿ ಚೀಲ, ಬಲಗೈಲಿ ಗುಂಡಿ. ಓಡ್ತಾ ಓಡ್ತಾ ಕೈಗೆ ಹತ್ತಿರ ಇರೋದಕ್ಕೆ ಹಾಕಿ ಹೋಗೋದು. ಕೊನೇ ದಿನ ಮೇಜು ಮಡಚುವಾಗ ನಂಗೆ ಇದು ಹೊಳೀತು. ಆ ಹುಡುಗ ಬೇಜಾರು ಮಾಡ್ಕೋಬಾರ್ದು. ಆಮೇಲೆ ದೊಡ್ಡ ದೊಡ್ಡ ಪಂದ್ಯ ಗೆದ್ದ ಬಿಡಿ, ಅಲ್ಲೆಲ್ಲ ಡಬ್ಬಿ ಇರ್ಲಿಲ್ಲ."

ಅಂದಿನಿಂದ ಒಂದು ಪದ್ಧತಿ. ಪ್ರತಿ ರೈಲಿನ ಗುಂಪು ಕರಗಿದ ಮೇಲೆ ಬಲತುದಿಯ ಡಬ್ಬಿ ಎಡತುದಿಗೆ ಹೋಗುತ್ತದೆ, ಉಳಿದವು ಒಂದೊಂದು ಜಾಗ ಸರಿಯುತ್ತವೆ. ಮೇಯರಿಗೂ ಅಷ್ಟೇ, ನಟನಿಗೂ ಅಷ್ಟೇ. ಡಬ್ಬಿ ಸರಿಸುವ ಕೈ ಗುಂಡಿ ಹಾಕಬಾರದು ಎಂಬ ಇನ್ನೊಂದು ನಿಯಮವನ್ನೂ ತಮಗೆ ತಾವೇ ಹಾಕಿಕೊಂಡಿದ್ದಾರೆ. ಇಷ್ಟು ವರ್ಷವಾದರೂ ಅವರು ಒಮ್ಮೆಯೂ ಮತ ಹಾಕಿಲ್ಲ.

ಈ ವರ್ಷ ಮಾತ್ರ ಅದು ಸುಲಭವಾಗಿಲ್ಲ. ಆಸ್ಪತ್ರೆಯಲ್ಲಿ ಕರೆಂಟು ಹೋಗಿ ಉಸಿರಾಟದ ಯಂತ್ರ ನಿಂತಾಗ, ಒಂದು ಎಳೆಕೂಸಿಗೆ ಕರೆಂಟು ಬರುವ ತನಕ ಕೈಯಿಂದಲೇ ಗಾಳಿಚೀಲ ಒತ್ತಿ ಉಸಿರು ಕೊಟ್ಟವರು ಆ ನರ್ಸ್. ಕೂಸು ಡಬ್ಬಿಯಣ್ಣನ ಮೊಮ್ಮಗಳು. ಈಗ ಅವಳು ಅಜ್ಜನ ಕನ್ನಡಕಕ್ಕೆ ಕೈ ಹಾಕುವಷ್ಟು ಗಟ್ಟಿಯಾಗಿದ್ದಾಳೆ. ನಟನ ಡಬ್ಬಿಯೂ ನರ್ಸ್ ಡಬ್ಬಿಯೂ ಎತ್ತಿದರೆ ಹೆಚ್ಚುಕಡಿಮೆ ಒಂದೇ ಭಾರ. ನರ್ಸ್ ಡಬ್ಬಿ ಬಲತುದಿಗೆ ಬಂದಾಗ ಒಂದೆರಡು ರೈಲಿನ ಹೊತ್ತು ಸರಿಸುವುದನ್ನು ಮರೆತರೆ ಸಾಕು.

"ನಮ್ಮನೆಯವಳು ಅದನ್ನೇ ಕೇಳ್ತಾಳೆ. ಸಿಸ್ಟರ್ ಡಬ್ಬಿ ಬಲಗಡೆನೇ ಇಟ್ರೆ ನಿಮ್ಮ ಗಂಟೇನು ಹೋಗುತ್ತೆ ಅಂತಾಳೆ. ಮಾತು ಬಿಟ್ಟು ಎರಡು ದಿನ ಆಯ್ತು. ಊಟ ಮಾತ್ರ ಬಿಸಿಯಾಗೇ ಬರುತ್ತೆ."

ಅಷ್ಟರಲ್ಲಿ ರೈಲು ಬಂದು, ಜನ ನುಗ್ಗಿ, ಗುಂಡಿಗಳು ಸದ್ದು ಮಾಡಿ, ಮತ್ತೆ ಎಲ್ಲ ಖಾಲಿಯಾಗುತ್ತದೆ. ಈಗ ಬಲತುದಿಯಲ್ಲಿರುವುದು ನರ್ಸ್ ಡಬ್ಬಿ. ಡಬ್ಬಿಯಣ್ಣ ಅದರ ಮೇಲೆ ಕೈಯಿಡುತ್ತಾರೆ. ನನಗೋ, ಮರೆತುಬಿಡಿ ಮಾರಾಯರೇ ಎಂದು ಹೇಳಿಬಿಡುವಷ್ಟು ಆಸೆ. ಅವರು ಎತ್ತಿ ಎಡತುದಿಗೆ ಇಡುತ್ತಾರೆ.

"ಗೆಲ್ಲಬೇಕು ಅಂತ ನಂಗಿಲ್ವಾ? ಆದ್ರೆ ನಾನು ಗೆಲ್ಸಿದ್ರೆ ಅದು ಊರು ಕೊಟ್ಟಿದ್ದಾಗಲ್ಲ. ಆಯಮ್ಮನಿಗೆ ಊರೇ ಕೊಡ್ಬೇಕು."

ನಾಳೆ ಕೊನೆಯ ದಿನ. ಡಬ್ಬಿಯಣ್ಣ ಮೊದಲ ಬಾರಿ ರಜೆ ಕೇಳಿದ್ದಾರೆ. ಮೇಜಿನ ಬಳಿ ವ್ಯಾನಿನ ಡ್ರೈವರ್ ಇರುತ್ತಾರೆ, ಸರಿಸುವ ಪಾಠವೂ ಆಗಿದೆ. ರಜೆ ಯಾಕೆಂದರೆ, "ಮೊಮ್ಮಗಳನ್ನ ಎತ್ಕೊಂಡು ಬಂದು, ಎಲ್ಲರ ಹಾಗೆ ಸಾಲಲ್ಲಿ ನಿಂತು ನಾನೂ ಒಂದು ಗುಂಡಿ ಹಾಕ್ಬೇಕು" ಎನ್ನುತ್ತಾರೆ.

"ಆಗ ಸಿಸ್ಟರ್ ಡಬ್ಬಿ ಎಡತುದಿಯಲ್ಲಿದ್ರೆ?" ಎಂದು ನಾನು ಕಾಲೆಳೆಯುತ್ತೇನೆ.

"ಇರ್ಲಿ ಬಿಡಿ. ಕೈ ಚಾಚಿ ಹಾಕ್ತೀನಿ."