ಸೊಪ್ಪು ಸುತ್ತಿದ ಹೆಂಗಸು

ತನಿಯಪ್ಪ ಕುವೈತಿನ ರಾಯ್ ಪ್ರದೇಶದಲ್ಲಿ ಬೋರ್ಡ್ ಬರೆಯುವ ಅಂಗಡಿಯೊಂದರ ಪೇಂಟರ್. ಕಾರ್ಕಳ ಕಡೆಯ ಕೊರಗ, ಊರು ದೂರವಿಟ್ಟಿದ್ದ ಬುಡಕಟ್ಟಿನವನು. ಅದನ್ನು ಇಲ್ಲಿನ ಕನ್ನಡಿಗರಿಗೆ ಅವನು ಹೇಳಿರಲಿಲ್ಲ. ಯಾರಾದರೂ ಕೆದಕಿದರೆ, "ಮಂಗಳೂರು ಸೈಡ್" ಎಂದು ಮಾತು ತಿರುಗಿಸುತ್ತಿದ್ದ.

ಗಣರಾಜ್ಯೋತ್ಸವಕ್ಕೆ ಕನ್ನಡಿಗರ ಸಂಘ ನಾಡಿನ ಚರಿತ್ರೆಯ ಚಿತ್ರಪ್ರದರ್ಶನ ಇಟ್ಟುಕೊಂಡಿತು. ಬರೆಯುವ ಕೆಲಸ ತನಿಯಪ್ಪನಿಗೆ ಬಂತು. ಕಾರ್ಯದರ್ಶಿ ಲಕ್ಷ್ಮೀನರಸಿಂಹ ಎಂಜಿನಿಯರ್, ಮೈಸೂರಿನವರು. ಅವರು ಕೊಟ್ಟ ಮಾದರಿಗಳಲ್ಲಿ ಚರಿತ್ರೆಯ ಪುಸ್ತಕದಿಂದ ತೆಗೆದ, ಬ್ರಿಟಿಷರ ಕಾಲದ ಒಂದು ಫೋಟೊ ಇತ್ತು. ಸೊಂಟಕ್ಕೆ ಸೊಪ್ಪು ಸುತ್ತಿ, ತಲೆ ತಗ್ಗಿಸಿ ನಿಂತ ಕೊರಗ ಹೆಂಗಸು. ಕೆಳಗೆ "ಕಾಡುಜನ" ಎಂದು ಬರೆದಿತ್ತು.

ತನಿಯಪ್ಪನಿಗೆ ಕುಂಚ ಹಿಡಿಯಲಾಗಲಿಲ್ಲ. ಎದ್ದ, ಕೂತ, ಹೊರಗೆ ಬಿಸಿಲಿಗೆ ಹೋಗಿ ಬಂದ. ಕೊನೆಗೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಫೋಟೊದ ವಿಷಯ ಹೇಳಿದ.

"ಆ ಫೋಟೊದ ಸಂಗತಿ ನನ್ನ ಅಜ್ಜಿ ಹೇಳುತ್ತಿದ್ದರು ಮಗಾ," ಎಂದಳು ಅಮ್ಮ. "ಆ ಹೆಂಗಸು ಸೀರೆ ಉಟ್ಟೇ ಬಂದಿದ್ದಳಂತೆ. ಫೋಟೊ ತೆಗೆಯಲು ಬಂದ ಬಿಳಿ ದೊರೆ ಅದನ್ನು ಬಿಚ್ಚಿಸಿ ಸೊಪ್ಪು ಕಟ್ಟಿಸಿದನಂತೆ."

ತನಿಯಪ್ಪ ಹಾಗೆಯೇ ಬರೆದ. ನೆಲದ ಮೇಲೆ ಸೀರೆಯ ರಾಶಿ, ಮುಕ್ಕಾಲಿಯ ಮೇಲೆ ಕ್ಯಾಮರಾ, ಪಕ್ಕದಲ್ಲಿ ಬೆರಳೆತ್ತಿ ಅಪ್ಪಣೆ ಕೊಡುವ ಸಾಹೇಬ. ಹೆಂಗಸು ಮಾತ್ರ ತಲೆಯೆತ್ತಿ ಅವನನ್ನೇ ದಿಟ್ಟಿಸುತ್ತಿದ್ದಳು.

"ಏನ್ರೀ ಇದು? ಫೋಟೊದಲ್ಲಿ ಸಾಹೇಬ ಎಲ್ಲಿದ್ದ?" ಲಕ್ಷ್ಮೀನರಸಿಂಹ ಗಾಬರಿಯಾದರು.

"ಮತ್ತೆ ಫೋಟೊ ತೆಗೆದದ್ದು ಯಾರು ಸರ್?"

"ಅಲ್ಲ ತನಿಯಪ್ಪ, ಪುಸ್ತಕದಲ್ಲಿರೋದು ಹಿಸ್ಟರಿ. ಇದು ಯಾರದೋ ಮನೆ ಕತೆ."

"ನಮ್ಮದೇ ಮನೆದು ಸರ್. ನಾವು ಕೊರಗರು."

ಲಕ್ಷ್ಮೀನರಸಿಂಹ ಚಿತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಸ್ಟೇಜ್ ಹತ್ರ ಬೇಡಪ್ಪ, ಕಮಿಟಿಯವರು ಕೂಗಾಡ್ತಾರೆ," ಎಂದು ಊಟದ ಕಡೆಯ ಗೋಡೆಗೆ ಹಾಕಿಸಿದರು.

ಊಟದ ಉಸ್ತುವಾರಿಯ ಲಿಜ್ಜಿ, ಉಡುಪಿ ಕಡೆಯ ನರ್ಸ್, ಅದರ ಮುಂದಿದ್ದ ನೀರಿನ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿದಳು. ತಟ್ಟೆ ಹಿಡಿದು ಬಂದವರು ಅಲ್ಲಿ ನಿಲ್ಲತೊಡಗಿದರು. ಕೆಲವರು ಮುಖ ತಿರುಗಿಸಿಕೊಂಡು ಹೋದರು. ಒಬ್ಬರು, "ಹಬ್ಬದ ದಿನ ಇದೆಲ್ಲ ಬೇಕಿತ್ತಾ?" ಎಂದು ಅವನ ಕಿವಿಗೆ ಬೀಳುವಂತೆಯೇ ಗೊಣಗಿದರು. ಅಡಗಿಕೊಳ್ಳಬೇಕೋ ಅಲ್ಲೇ ನಿಲ್ಲಬೇಕೋ ತಿಳಿಯದೆ ತನಿಯಪ್ಪ ಬಾಗಿಲಿಗೂ ಗೋಡೆಗೂ ನಡುವೆ ಸುತ್ತುತ್ತಿದ್ದ.

ಲಿಜ್ಜಿ ಅವನನ್ನು ತಡೆದು ಕೇಳಿದಳು: "ತನಿಯಣ್ಣಾ, ಇವಳ ಹೆಸರು ಎಂತದು?"

ಅವನಿಗೆ ಗೊತ್ತಿರಲಿಲ್ಲ. ಫೋನ್ ಮಾಡಿದರೆ ಅಮ್ಮನಿಗೂ ಗೊತ್ತಿರಲಿಲ್ಲ. "ನಮ್ಮವರ ಹೆಸರು ಯಾರು ಕೇಳಿದರು ಮಗಾ?" ಎಂದಳು.

ಮುಂದಿನ ಕಾರ್ಯಕ್ರಮದ ಬ್ಯಾನರ್ ಕೆಲಸವನ್ನು ಸಂಘ ಬೇರೆ ಅಂಗಡಿಗೆ ಕೊಟ್ಟಿತು. ತನಿಯಪ್ಪನಿಗೆ ನೋವಾಯಿತು, ಆದರೂ ಯಾರನ್ನೂ ಕೇಳಲಿಲ್ಲ. ರಜೆಯ ದಿನ ಕ್ಯಾನ್ವಾಸ್ ತಂದು, ಅಮ್ಮನಿಗೆ ನೆನಪಿರುವ ಹೆಂಗಸರನ್ನು ಒಬ್ಬೊಬ್ಬರಾಗಿ ಬರೆಯತೊಡಗಿದ. ಮುಖ ಮೂಡುವ ಮೊದಲೇ ಹೆಸರು ಬರೆದುಬಿಡುತ್ತಿದ್ದ, ತಡವಾದರೆ ಅದೂ ಕೈತಪ್ಪಿ ಹೋದೀತು ಎಂಬ ಅವಸರದಲ್ಲಿ.